ಹೈಡ್ರಾಲಿಕ್ ಆಟೋಪೈಲಟ್ ಅಳವಡಿಸಿದ ಮೋಟಾರು ಬೋಟುಗಳಲ್ಲಿ ಚುಕ್ಕಾಣಿ ದೋಷ: ಪತ್ತೆಯ ಸರಿಯಾದ ಕ್ರಮ

ದಕ್ಕೆಯಿಂದ ಹೊರಟ ಬೋಟು ನಿಗದಿಪಡಿಸಿದ ದಿಕ್ಕನ್ನು ಹಿಡಿಯದೆ ಹಾವಿನ ನಡಿಗೆಯಲ್ಲಿ ಸಾಗತೊಡಗಿದರೆ ಮಾಲೀಕರ ಸಂಶಯ ಮೊದಲು ಹೋಗುವುದು ಆಟೋಪೈಲಟಿನ ನಿಯಂತ್ರಣ ಪೆಟ್ಟಿಗೆಯ ಕಡೆಗೆ. ದುಬಾರಿಯಾದ ಆ ಪೆಟ್ಟಿಗೆಯನ್ನು ಬದಲಿಸಿದ ಮೇಲೂ ದೋಷ ಹಾಗೆಯೇ ಉಳಿದರೆ ಹಣವೂ ಹೋಯಿತು, ಸಮುದ್ರಕ್ಕೆ ಹೋಗುವ ದಿನಗಳೂ ಹೋದವು. ಚುಕ್ಕಾಣಿಯನ್ನು ತಿರುಗಿಸುವುದು ವಿದ್ಯುನ್ಮಾನ ಉಪಕರಣವಲ್ಲ, ಎಣ್ಣೆಯ ಒತ್ತಡ. ಆದುದರಿಂದ ಪರೀಕ್ಷೆಯು ಎಣ್ಣೆಯಿಂದ ಆರಂಭವಾಗಿ ಕವಾಟ ಮತ್ತು ವಿದ್ಯುತ್ತಿನ ಮೂಲಕ ಸಾಗಿ, ಕೊನೆಯಲ್ಲಿ ವಿದ್ಯುನ್ಮಾನ ಭಾಗಗಳನ್ನು ತಲುಪಬೇಕು. ಈ ಕ್ರಮವನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವ್ಯವಸ್ಥೆಯ ರಚನೆ

ಚುಕ್ಕಾಣಿ ಚಕ್ರದ ಹಿಂಬದಿಯಲ್ಲಿ ಕೈಪಂಪು ಇರುತ್ತದೆ. ಚಕ್ರ ತಿರುಗಿದಾಗ ಅದು ಎರಡು ಹೋಸುಗಳ ಪೈಕಿ ಒಂದರೊಳಕ್ಕೆ ಎಣ್ಣೆಯನ್ನು ತಳ್ಳುತ್ತದೆ. ಹಿಂಭಾಗದ ಸಿಲಿಂಡರಿನ ದಂಡವು ಚಲಿಸಿ ಚುಕ್ಕಾಣಿಯನ್ನು ತಿರುಗಿಸುತ್ತದೆ. ಆಟೋಪೈಲಟ್ ಅಳವಡಿಸಿದಾಗ ಎರಡೂ ದಿಕ್ಕಿಗೆ ತಿರುಗಬಲ್ಲ ಒಂದು ವಿದ್ಯುತ್ ಪಂಪನ್ನು ಇವೇ ಹೋಸುಗಳಿಗೆ ಜೋಡಿಸಲಾಗುತ್ತದೆ. ಒಂದು ಪಂಪು ಕೆಲಸ ಮಾಡುವಾಗ ಎಣ್ಣೆಯು ಮತ್ತೊಂದರ ಮೂಲಕ ಹಿಂದಿರುಗದಂತೆ ಎರಡರಲ್ಲೂ ಏಕಮುಖ ಕವಾಟಗಳಿರುತ್ತವೆ. ಹೀಗೆ ಮನುಷ್ಯನ ಕೈಗೂ ಯಂತ್ರಕ್ಕೂ ಇರುವುದು ಒಂದೇ ಎಣ್ಣೆ, ಒಂದೇ ಸಿಲಿಂಡರು.

ಮೊದಲ ಹೆಜ್ಜೆ: ಕೈಯಿಂದ ನಡೆಸಿ ನೋಡುವುದು

ಬೋಟನ್ನು ದಕ್ಕೆಗೆ ಕಟ್ಟಿ, ಎಂಜಿನ್ ಮತ್ತು ಆಟೋಪೈಲಟ್ ಎರಡನ್ನೂ ನಿಲ್ಲಿಸಿ, ಚಕ್ರವನ್ನು ಎರಡೂ ಬದಿಗೆ ಪೂರ್ಣವಾಗಿ ತಿರುಗಿಸಬೇಕು. ಅಂತ್ಯದಲ್ಲಿ ಚಕ್ರವು ಗಟ್ಟಿಯಾಗಿ ನಿಲ್ಲುವ ಬದಲು ಸ್ಪಂಜಿನಂತೆ ಮೆತ್ತಗೆ ಹಿಂದಕ್ಕೆ ಒತ್ತಿದರೆ ಎಣ್ಣೆಯಲ್ಲಿ ಗಾಳಿ ಸೇರಿದೆ ಎಂದು ತಿಳಿಯಬೇಕು. ಎಣ್ಣೆಯನ್ನು ಹಿಂಡಲಾಗದು, ಗಾಳಿಯನ್ನು ಹಿಂಡಬಹುದು. ಆಟೋಪೈಲಟ್ ನೀಡಿದ ಸಣ್ಣ ಆಜ್ಞೆಗಳನ್ನು ಈ ಗಾಳಿಯೇ ನುಂಗಿಬಿಡುವುದರಿಂದ ಬೋಟು ಹೊರಳಾಡುತ್ತದೆ.

ಗಾಳಿ ತೆಗೆಯಲು ಇಬ್ಬರು ಬೇಕು. ಒಬ್ಬರು ಕೈಪಂಪಿನ ಎಣ್ಣೆ ಬರಿದಾಗದಂತೆ ತುಂಬುತ್ತ ಚಕ್ರ ತಿರುಗಿಸಬೇಕು. ಇನ್ನೊಬ್ಬರು ಸಿಲಿಂಡರಿನ ನಿಪ್ಪಲನ್ನು ಸಡಿಲಿಸಿ ಗುಳ್ಳೆಗಳಿಲ್ಲದ ಎಣ್ಣೆ ಬರುವವರೆಗೆ ಕಾಯಬೇಕು. ನಂತರ ವಿದ್ಯುತ್ ಪಂಪನ್ನೂ ಎರಡು ದಿಕ್ಕಿಗೆ ಓಡಿಸಿ ಅದರೊಳಗಿನ ಗಾಳಿಯನ್ನು ಹೊರಹಾಕಬೇಕು. ತಯಾರಕರು ಸೂಚಿಸಿದ ಎಣ್ಣೆಯನ್ನೇ ಬಳಸತಕ್ಕದ್ದು. ಬ್ರೇಕ್ ಎಣ್ಣೆ ಹಾಕಿದರೆ ಸೀಲುಗಳು ಹಾಳಾಗುತ್ತವೆ. ಗಾಳಿ ಮರಳಿ ಮರಳಿ ಸೇರುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದರ್ಥ. ಸಿಲಿಂಡರ್ ದಂಡದ ಸೀಲು ಮತ್ತು ಹೋಸಿನ ಜೋಡಣೆಗಳನ್ನು ಬಿಳಿ ಕಾಗದದಿಂದ ಒರೆಸಿ ನೋಡಬೇಕು.

ಎರಡನೆಯ ಹೆಜ್ಜೆ: ಕವಾಟಗಳ ಪರೀಕ್ಷೆ

ಎಣ್ಣೆ ತುಂಬಿದ್ದು, ಸೋರಿಕೆಯಿಲ್ಲದಿದ್ದರೂ ಚಕ್ರವು ಸುಮ್ಮನೆ ಸುತ್ತುತ್ತಿದ್ದರೆ ಎಣ್ಣೆ ಒಳಗೇ ದಾರಿ ತಪ್ಪುತ್ತಿದೆ ಎಂದರ್ಥ. ವಿದ್ಯುತ್ ಪಂಪಿನ ಎರಡು ಕೊಳವೆಗಳಲ್ಲಿ ಮುಚ್ಚುವ ಕವಾಟಗಳಿದ್ದರೆ ಅವನ್ನು ಮುಚ್ಚಿ ಮತ್ತೆ ತಿರುಗಿಸಿ. ಚಕ್ರ ಬಿಗಿಯಾದರೆ ದೋಷ ವಿದ್ಯುತ್ ಪಂಪಿನ ಏಕಮುಖ ಕವಾಟದಲ್ಲಿದೆ. ಬಿಗಿಯಾಗದಿದ್ದರೆ ಕೈಪಂಪಿನ ಎರಡೂ ಹೊರದ್ವಾರಗಳಿಗೆ ಬಿರಡೆ ಹಾಕಿ ಪರೀಕ್ಷಿಸಬೇಕು. ಆಗಲೂ ಚಕ್ರ ಸುತ್ತಿದರೆ ಕೈಪಂಪೇ ಸವೆದಿದೆ. ನಿಂತರೆ ಸಿಲಿಂಡರಿನ ಪಿಸ್ಟನ್ ಸೀಲಿನ ಮೇಲೆ ಸಂಶಯ ಪಡಬೇಕು. ಇನ್ನೊಂದು ಲಕ್ಷಣವೂ ಉಂಟು. ಆಟೋಪೈಲಟ್ ನಡೆಯುವಾಗ ಚುಕ್ಕಾಣಿಯ ಬದಲು ಚಕ್ರವು ತಾನಾಗಿ ತಿರುಗುತ್ತಿದ್ದರೆ ಕೈಪಂಪಿನ ಕವಾಟದಲ್ಲಿ ಕಸ ಸಿಲುಕಿದೆ ಎಂದು ಶಂಕಿಸಬೇಕು.

ಇಲ್ಲಿ ವರ್ಕ್‌ಶಾಪ್ ನಡೆಸುವವರಿಗೂ ಹೋಸ್ ಜೋಡಿಸಿಕೊಡುವ ಕಿರು ಉದ್ಯಮಿಗಳಿಗೂ ಒಂದು ಮಾತು. ಮರೆಗಳಿಗೆ ಸುತ್ತುವ ಟೆಫ್ಲಾನ್ ಟೇಪಿನ ಚೂರು, ಹೋಸ್ ಕತ್ತರಿಸುವಾಗ ಉಳಿದ ರಬ್ಬರಿನ ಪುಡಿ ಇವು ಕವಾಟದಲ್ಲಿ ಸಿಲುಕಿದರೆ ಇಡೀ ವ್ಯವಸ್ಥೆ ಕೆಡುತ್ತದೆ. ಟೇಪಿನ ಬದಲು ದ್ರವರೂಪದ ಸೀಲಂಟ್ ಬಳಸುವುದು, ಹೋಸನ್ನು ಶುಚಿಗೊಳಿಸಿ ಎರಡೂ ತುದಿ ಮುಚ್ಚಿ ಕೊಡುವುದು ಅಲ್ಪ ಖರ್ಚಿನ ಕೆಲಸ. ಗ್ರಾಹಕರ ವಿಶ್ವಾಸ ಉಳಿಯುವುದು ಇದರಿಂದಲೇ.

ಮೂರನೆಯ ಹೆಜ್ಜೆ: ವಿದ್ಯುತ್ತು

ಪಂಪು ನಿಧಾನವಾಗಿ ಓಡಿದರೆ ಅಥವಾ ಆಗಾಗ ನಿಂತರೆ, ಅದು ಕೆಲಸ ಮಾಡುತ್ತಿರುವಾಗಲೇ ವೋಲ್ಟೇಜನ್ನು ಬ್ಯಾಟರಿಯ ಬಳಿಯಲ್ಲೂ ಪಂಪಿನ ತುದಿಯಲ್ಲೂ ಅಳೆಯಬೇಕು. 12 ವೋಲ್ಟ್ ವ್ಯವಸ್ಥೆಯಲ್ಲಿ ಒಂದು ವೋಲ್ಟಿಗಿಂತ ಹೆಚ್ಚು ಅಂತರ ಕಂಡರೆ ತಂತಿ ತೆಳುವಾಗಿದೆ ಅಥವಾ ಜೋಡಣೆಗಳು ಉಪ್ಪುಗಾಳಿಗೆ ತುಕ್ಕು ಹಿಡಿದಿವೆ. ಪಂಪು ನಿಂತಿರುವಾಗ ಅಳೆದರೆ ಈ ದೋಷ ಕಾಣಿಸದು.

ನಾಲ್ಕನೆಯ ಹೆಜ್ಜೆ: ಸಂವೇದಕ, ದಿಕ್ಸೂಚಿ ಮತ್ತು ಹೊಂದಾಣಿಕೆ

ಚುಕ್ಕಾಣಿಯ ಕೋನವನ್ನು ತಿಳಿಸುವ ಸಂವೇದಕದ ತೋಳು ಸಡಿಲವಾಗಿದ್ದರೆ ಆಟೋಪೈಲಟಿಗೆ ಸುಳ್ಳು ಸುದ್ದಿ ತಲುಪುತ್ತದೆ. ಚುಕ್ಕಾಣಿ ನೇರವಿದ್ದಾಗ ಸೂಚಕ ಸೊನ್ನೆಯನ್ನೂ, ಎರಡು ಅಂತ್ಯಗಳಲ್ಲಿ ಸಮಾನ ಕೋನವನ್ನೂ ತೋರಿಸಬೇಕು. ವಿದ್ಯುನ್ಮಾನ ದಿಕ್ಸೂಚಿಯ ಬಳಿ ಧ್ವನಿವರ್ಧಕ, ಕಬ್ಬಿಣದ ಉಪಕರಣ, ಭಾರಿ ವಿದ್ಯುತ್ ಹರಿಯುವ ತಂತಿ ಇರಕೂಡದು. ಕನಿಷ್ಠ ಒಂದು ಮೀಟರ್ ಅಂತರ ಒಳ್ಳೆಯದು. ಕಟ್ಟಿದ ಬೋಟಿನಲ್ಲಿ ಉಪಕರಣಗಳನ್ನು ಒಂದೊಂದಾಗಿ ಚಾಲೂ ಮಾಡಿದಾಗ ದಿಕ್ಕಿನ ಅಂಕಿ ಬದಲಾದರೆ ಅಪರಾಧಿ ಸಿಕ್ಕಂತೆಯೇ.

ಇವೆಲ್ಲ ಸರಿಯಿದ್ದರೆ ಮಾತ್ರ ಹೊಂದಾಣಿಕೆಗೆ ಕೈ ಹಚ್ಚಬೇಕು. 1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಹಡಗುಗಳ ಸ್ವಯಂಚಾಲಿತ ಚುಕ್ಕಾಣಿಯ ಗಣಿತವನ್ನು ವಿವರಿಸಿದರು. ಅದರ ಸಾರವು ಅನುಭವಿ ತಾಂಡೇಲನಿಗೆ ಹೊಸದಲ್ಲ: ದಿಕ್ಕು ತಪ್ಪಿದಷ್ಟೂ ಚುಕ್ಕಾಣಿ ಹೆಚ್ಚು ತಿರುಗಿಸು, ಬೋಟು ವೇಗವಾಗಿ ಹಿಂದಿರುಗುವಾಗ ಮೊದಲೇ ವಿರುದ್ಧ ಬದಿಗೆ ತಡೆ ಕೊಡು. ಮೊದಲನೆಯದು ಅತಿಯಾದರೆ ಅಥವಾ ಎರಡನೆಯದು ಕಡಿಮೆಯಾದರೆ ಬೋಟು ಹಾವಿನಂತೆ ಸಾಗುತ್ತದೆ. ಗಾಳಿ ಸೇರಿದ ಎಣ್ಣೆಯ ದೋಷವನ್ನು ಈ ಹೊಂದಾಣಿಕೆಯಿಂದ ಮರೆಮಾಚಲು ಯತ್ನಿಸುವುದು ವ್ಯರ್ಥ.

ಮುನ್ನೆಚ್ಚರಿಕೆ

ದುರಸ್ತಿಯ ನಂತರ ಪಂಪಿನ ಎರಡು ತಂತಿಗಳು ಅದಲುಬದಲಾದರೆ ಚುಕ್ಕಾಣಿ ವಿರುದ್ಧ ದಿಕ್ಕಿಗೆ ಓಡುತ್ತದೆ. ಆದುದರಿಂದ ದಕ್ಕೆಯಲ್ಲಿಯೇ ಪರೀಕ್ಷಿಸಿ ಹೊರಡಬೇಕು. ಹೋಸು ಒಡೆದರೆ ಕೈಪಂಪು ಮತ್ತು ಆಟೋಪೈಲಟ್ ಎರಡೂ ಏಕಕಾಲಕ್ಕೆ ನಿರುಪಯುಕ್ತವಾಗುವುದರಿಂದ ಚುಕ್ಕಾಣಿ ದಂಡಕ್ಕೆ ನೇರವಾಗಿ ಸಿಕ್ಕಿಸುವ ತುರ್ತು ಹಿಡಿಕೆಯೂ, ಹೆಚ್ಚುವರಿ ಎಣ್ಣೆಯೂ ಬೋಟಿನಲ್ಲಿರಲೇಬೇಕು.

ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧವಿರುತ್ತದೆ. ಇಂಥ ವ್ಯವಸ್ಥೆಯುಳ್ಳ ಬೋಟುಗಳ ಮಾಲೀಕರು ಆ ಅವಧಿಯಲ್ಲಿ ಹೋಸು, ಸೀಲು, ಎಣ್ಣೆಗಳನ್ನು ಪರಿಶೀಲಿಸಿ, ಮಾಡಿದ ಕೆಲಸವನ್ನು ದಿನಾಂಕಸಹಿತ ಪುಸ್ತಕದಲ್ಲಿ ಬರೆದಿಟ್ಟರೆ ಮುಂದಿನ ಋತುವಿನಲ್ಲಿ ದೋಷದ ಮೂಲ ಬೇಗನೆ ಸಿಗುತ್ತದೆ. ಹೊಸ ಪೆಟ್ಟಿಗೆಗೆ ಆದೇಶ ನೀಡುವ ಮುನ್ನ ಒಮ್ಮೆ ಚಕ್ರವನ್ನು ಕೈಯಿಂದ ತಿರುಗಿಸಿ ನೋಡುವುದು ಲೇಸು.