ಆಕ್ಯುಪಂಕ್ಚರ್: ಐದು ತತ್ವಗಳ ಲೆಕ್ಕಾಚಾರ

'ನಿಮ್ಮ ಕಿಡ್ನಿ ದುರ್ಬಲವಾಗಿದೆ' ಎಂದು ಸೂಜಿಚಿಕಿತ್ಸಕರು ಹೇಳಿದ್ದನ್ನು ಕೇಳಿ, ಗಾಬರಿಯಿಂದ ರಕ್ತಪರೀಕ್ಷೆಗೆ ಓಡಿಬರುವವರುಂಟು. ಎಷ್ಟೋ ವೇಳೆ ಪರೀಕ್ಷೆಯಲ್ಲಿ ಮೂತ್ರಪಿಂಡಗಳು ಸರಿಯಾಗಿಯೇ ಇರುತ್ತವೆ. ಹಾಗಾದರೆ ಚಿಕಿತ್ಸಕರು ಸುಳ್ಳು ಹೇಳಿದರೇ? ಹಾಗೆಂದು ಭಾವಿಸಬೇಕಿಲ್ಲ. ಅವರು ಹೇಳುವ ಕಿಡ್ನಿಯೇ ಬೇರೆ, ಪ್ರಯೋಗಾಲಯ ಅಳೆಯುವ ಕಿಡ್ನಿಯೇ ಬೇರೆ. ಈ ವ್ಯತ್ಯಾಸ ತಿಳಿಯದಿದ್ದರೆ ಇಲ್ಲದ ರೋಗಕ್ಕೆ ಹೆದರುತ್ತೇವೆ, ಇಲ್ಲವೇ ಇರುವ ರೋಗವನ್ನು ಕಡೆಗಣಿಸುತ್ತೇವೆ. ಆದ್ದರಿಂದ ಈ ಪದ್ಧತಿಯ ತಳಹದಿಯನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು.

ಪಂಚಭೂತವಲ್ಲ

ಚೀನೀ ವೈದ್ಯದ ಮೂಲಗ್ರಂಥವಾದ 'ಹುವಾಂಗ್‌ದಿ ನೇಜಿಂಗ್' ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅದರಲ್ಲಿ ಬರುವ ಐದು ತತ್ವಗಳು ಮರ, ಬೆಂಕಿ, ಮಣ್ಣು, ಲೋಹ ಮತ್ತು ನೀರು. ನಮ್ಮ ಪಂಚಭೂತಗಳಲ್ಲಿರುವ ಗಾಳಿ ಮತ್ತು ಆಕಾಶ ಇಲ್ಲಿಲ್ಲ. ಇನ್ನೊಂದು ಮುಖ್ಯ ವ್ಯತ್ಯಾಸವೂ ಇದೆ. ಚೀನೀ ಭಾಷೆಯಲ್ಲಿ ಇವನ್ನು 'ವೂ ಶಿಂಗ್' ಎನ್ನುತ್ತಾರೆ. 'ಶಿಂಗ್' ಎಂದರೆ ನಡೆ, ಚಲನೆ. ದೇಹ ಯಾವುದರಿಂದ ಆಗಿದೆ ಎಂದು ಹೇಳುವುದಕ್ಕಿಂತ, ಅದು ಹೇಗೆ ನಡೆಯುತ್ತದೆ ಎಂದು ಹೇಳುವುದು ಇದರ ಉದ್ದೇಶ. ಚಿಗುರುವುದು, ಉರಿಯುವುದು, ಮಾಗುವುದು, ಉದುರುವುದು, ಅಡಗುವುದು ಎಂಬ ಐದು ಹಂತಗಳನ್ನು ಋತುಚಕ್ರದಲ್ಲಿ ಕಂಡವರು ಅದೇ ಕ್ರಮವನ್ನು ದೇಹದಲ್ಲೂ ಕಂಡರು.

ಪ್ರತಿ ತತ್ವಕ್ಕೂ ಒಂದು ಜೋಡಿ ಅಂಗ, ಒಂದು ಋತು, ಒಂದು ಭಾವ, ಒಂದು ರುಚಿ ಸೇರಿರುತ್ತದೆ:

ಮರ: ಪಿತ್ತಜನಕಾಂಗ ಮತ್ತು ಪಿತ್ತಕೋಶ, ವಸಂತ, ಸಿಟ್ಟು, ಹುಳಿ.

ಬೆಂಕಿ: ಹೃದಯ ಮತ್ತು ಸಣ್ಣಕರುಳು, ಬೇಸಿಗೆ, ಸಂತೋಷ, ಕಹಿ.

ಮಣ್ಣು: ಗುಲ್ಮ ಮತ್ತು ಜಠರ, ಬೇಸಿಗೆಯ ಕೊನೆ, ಚಿಂತೆ, ಸಿಹಿ.

ಲೋಹ: ಶ್ವಾಸಕೋಶ ಮತ್ತು ದೊಡ್ಡಕರುಳು, ಶರತ್ಕಾಲ, ದುಃಖ, ಖಾರ.

ನೀರು: ಮೂತ್ರಪಿಂಡ ಮತ್ತು ಮೂತ್ರಕೋಶ, ಚಳಿಗಾಲ, ಭಯ, ಉಪ್ಪು.

ಸದಾ ಭಯಪಡುವ, ಚಳಿ ತಾಳಲಾರದ, ಸೊಂಟ ನೋಯುವ ವ್ಯಕ್ತಿಯನ್ನು ಕಂಡಾಗ ಈ ಪದ್ಧತಿಯವರು 'ಕಿಡ್ನಿ ದುರ್ಬಲ' ಎನ್ನಬಹುದು. 'ನೀರಿನ ತತ್ವ ಕುಗ್ಗಿದೆ' ಎಂಬುದಷ್ಟೇ ಅದರ ಅರ್ಥ. ಕ್ರಿಯಾಟಿನಿನ್ ಏರಿದೆ ಎಂದಲ್ಲ.

ತಾಯಿ ಮತ್ತು ಮಗು

ಐದು ತತ್ವಗಳ ನಡುವೆ ಎರಡು ಬಗೆಯ ಸಂಬಂಧಗಳಿವೆ. ಮೊದಲನೆಯದು ಪೋಷಣೆ. ಮರ ಬೆಂಕಿಗೆ ಉರುವಲಾಗುತ್ತದೆ, ಬೆಂಕಿಯ ಬೂದಿ ಮಣ್ಣಾಗುತ್ತದೆ, ಮಣ್ಣಿನೊಳಗೆ ಲೋಹ ಹುಟ್ಟುತ್ತದೆ, ಲೋಹದಿಂದ ನೀರು, ನೀರಿನಿಂದ ಮತ್ತೆ ಮರ. ಪೋಷಿಸುವುದು ತಾಯಿ, ಪಡೆಯುವುದು ಮಗು. ಎರಡನೆಯದು ಹತೋಟಿ. ನೀರು ಬೆಂಕಿಯನ್ನು ಆರಿಸುತ್ತದೆ, ಬೆಂಕಿ ಲೋಹವನ್ನು ಕರಗಿಸುತ್ತದೆ, ಲೋಹದ ಕೊಡಲಿ ಮರವನ್ನು ಕಡಿಯುತ್ತದೆ, ಮರದ ಬೇರು ಮಣ್ಣನ್ನು ಹಿಡಿಯುತ್ತದೆ, ಮಣ್ಣಿನ ಕಟ್ಟೆ ನೀರನ್ನು ತಡೆಯುತ್ತದೆ. ಎರಡೂ ಸಮತೋಲದಲ್ಲಿದ್ದರೆ ಆರೋಗ್ಯ, ತಪ್ಪಿದರೆ ರೋಗ.

ಚಿಕಿತ್ಸೆಯ ಸೂತ್ರ ಇದರಿಂದಲೇ ಬಂದಿದೆ: ಕೊರತೆಯಿದ್ದರೆ ತಾಯಿಯನ್ನು ಬಲಪಡಿಸು, ಹೆಚ್ಚಾಗಿದ್ದರೆ ಮಗುವಿನ ಮೂಲಕ ಇಳಿಸು. ಸೂಜಿ ಚುಚ್ಚುವ ಜಾಗವನ್ನು ಆರಿಸುವುದೂ ಹೀಗೆಯೇ. 'ಚೀ' ಎಂಬ ಜೀವಶಕ್ತಿ 12 ಮುಖ್ಯ ನಾಳಗಳಲ್ಲಿ ಹರಿಯುತ್ತದೆಂಬುದು ಅವರ ನಂಬಿಕೆ. ಪ್ರತಿ ನಾಳದಲ್ಲಿ, ಬೆರಳ ತುದಿಯಿಂದ ಮೊಣಕೈ ಅಥವಾ ಮೊಣಕಾಲಿನ ನಡುವೆ, ಐದು ತತ್ವಗಳಿಗೆ ಒಂದೊಂದರಂತೆ ಐದು ಬಿಂದುಗಳಿವೆ. ಒಟ್ಟು 60.

ಶ್ವಾಸಕೋಶದ ಉದಾಹರಣೆ ನೋಡೋಣ. ಅದು ಲೋಹ, ಅದರ ತಾಯಿ ಮಣ್ಣು, ಮಗು ನೀರು. ಶ್ವಾಸಕೋಶ ನಾಳದ ಮಣ್ಣಿನ ಬಿಂದು ಮಣಿಕಟ್ಟಿನ ಗೆರೆಯಲ್ಲಿ, ಹೆಬ್ಬೆರಳಿನ ಕಡೆಗೆ ಇದೆ. ಅದರ ಹೆಸರು 'ತಾಯ್‌ಯುವಾನ್'. ಬಹುದಿನದ ಕೆಮ್ಮಿನಿಂದ ಸೊರಗಿದವರಿಗೆ ಅಲ್ಲಿ ಸೂಜಿ ಹಾಕುತ್ತಾರೆ. ಏರಿದ್ದನ್ನು ಇಳಿಸಬೇಕಾದಾಗ ಮೊಣಕೈ ಮಡಿಕೆಯಲ್ಲಿರುವ 'ಚಿಜ಼' ಎಂಬ ನೀರಿನ ಬಿಂದುವನ್ನು ಬಳಸುತ್ತಾರೆ.

ಬಣ್ಣ, ದನಿ, ವಾಸನೆ

ಇಂದು ಚೀನಾದಲ್ಲಿ ಐದು ತತ್ವಗಳು ವೈದ್ಯದ ಹಲವು ಸಿದ್ಧಾಂತಗಳಲ್ಲಿ ಒಂದು ಮಾತ್ರ. ಇವನ್ನೇ ಮುಖ್ಯ ಆಧಾರವಾಗಿಸಿಕೊಂಡ ಪಂಥವನ್ನು ಪಾಶ್ಚಾತ್ಯ ದೇಶಗಳಲ್ಲಿ ಬೆಳೆಸಿದವರು ಇಂಗ್ಲೆಂಡಿನ ಜೆ. ಆರ್. ವರ್ಸ್ಲಿ (1923-2003). ಮುಖದ ಬಣ್ಣ, ಮಾತಿನ ದನಿ, ಮೈವಾಸನೆ, ಭಾವ ಈ ನಾಲ್ಕನ್ನು ಗಮನಿಸಿ, ಎರಡೂ ಕೈಗಳ ನಾಡಿ ಹಿಡಿದು, ಯಾವ ತತ್ವ ಮೊದಲು ಕೆಟ್ಟಿತೆಂದು ಈ ಪಂಥದವರು ನಿರ್ಧರಿಸುತ್ತಾರೆ. ಭಾರತಕ್ಕೆ ಸೂಜಿಚಿಕಿತ್ಸೆ ಬಂದದ್ದು ಬೇರೆ ದಾರಿಯಲ್ಲಿ. 1938ರಲ್ಲಿ ಡಾ. ಕೋಟ್ನಿಸ್ ಅವರೊಂದಿಗೆ ಚೀನಾಕ್ಕೆ ಹೋದ ತಂಡದಲ್ಲಿದ್ದ ಡಾ. ಬಿ. ಕೆ. ಬಸು, ಮುಂದೆ ಅಲ್ಲಿಯೇ ಈ ವಿದ್ಯೆ ಕಲಿತು ಕಲ್ಕತ್ತೆಯಲ್ಲಿ ಬಳಕೆಗೆ ತಂದರು.

ಪರೀಕ್ಷೆಗೆ ಒಡ್ಡಿದಾಗ

ದೇಹವನ್ನು ಕೊಯ್ದು ನೋಡಿದರೆ 'ಚೀ' ಹರಿಯುವ ನಾಳಗಳು ಕಾಣುವುದಿಲ್ಲ. ಆದರೂ ಕೆಲವರಿಗೆ ನೋವು ಕಡಿಮೆಯಾಗುವುದು ನಿಜ. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ದೀರ್ಘಕಾಲದ ಸೊಂಟನೋವಿನ 1,162 ರೋಗಿಗಳಿದ್ದರು. ಆರು ತಿಂಗಳ ನಂತರ, ಶಾಸ್ತ್ರೋಕ್ತ ಬಿಂದುಗಳಲ್ಲಿ ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತ್ತು. ಬಿಂದುವಲ್ಲದ ಕಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2, ಔಷಧ ಮತ್ತು ವ್ಯಾಯಾಮ ಪಡೆದವರಲ್ಲಿ ಶೇ. 27.4. ಸುಮಾರು 18 ಸಾವಿರ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯಲ್ಲಿ ನಿಜವಾದ ಚಿಕಿತ್ಸೆ ಹುಸಿ ಚಿಕಿತ್ಸೆಗಿಂತ ಸ್ವಲ್ಪ ಮೇಲೆನಿಸಿತು.

ಸೂಜಿಯಿಂದ ನೋವು ತಗ್ಗಬಹುದು, ಆದರೆ ಅದನ್ನು ಎಲ್ಲಿ ಚುಚ್ಚಿದರೆಂಬುದು ಶಾಸ್ತ್ರ ಹೇಳುವಷ್ಟು ಮುಖ್ಯವಲ್ಲ ಎಂದು ಇದರಿಂದ ತೋರುತ್ತದೆ. ಚುಚ್ಚಿದಾಗ ದೇಹದಲ್ಲಿ ಎಂಡಾರ್ಫಿನ್ ಎಂಬ ನೋವುಶಾಮಕ ಬಿಡುಗಡೆಯಾಗುವುದು, ಚಿಕಿತ್ಸಕರು ಸಮಾಧಾನದಿಂದ ಕೇಳುವುದು, ಗುಣವಾಗುತ್ತದೆಂಬ ಭರವಸೆ ಇವೆಲ್ಲ ಕೆಲಸ ಮಾಡುತ್ತಿರಬಹುದು.

ನೆನಪಿಡಬೇಕಾದದ್ದು

ಹಳೆಯ ಸೊಂಟನೋವು, ಮಂಡಿನೋವು, ಪದೇ ಪದೇ ಬರುವ ತಲೆನೋವು ಇವುಗಳಿಗೆ ಕಾರಣ ಪತ್ತೆಯಾದ ಮೇಲೆ ಸೂಜಿಚಿಕಿತ್ಸೆ ಪ್ರಯತ್ನಿಸಲು ಅಡ್ಡಿಯಿಲ್ಲ. ತರಬೇತಿ ಪಡೆದವರಲ್ಲಿಗೆ ಹೋಗಿ. ಒಮ್ಮೆ ಬಳಸಿ ಬಿಸಾಡುವ ಸೂಜಿಯ ಪೊಟ್ಟಣವನ್ನು ನಿಮ್ಮ ಎದುರಿಗೇ ತೆರೆಯುವಂತೆ ಕೇಳಿ. ಶುದ್ಧವಲ್ಲದ ಸೂಜಿಯಿಂದ ಹೆಪಟೈಟಿಸ್ ಬಿ ಹರಡುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು, ಪೇಸ್‌ಮೇಕರ್ ಇರುವವರು ಮೊದಲೇ ತಿಳಿಸಬೇಕು. ಎದೆಯ ಭಾಗದಲ್ಲಿ ಆಳವಾಗಿ ಚುಚ್ಚಿದರೆ ಶ್ವಾಸಕೋಶಕ್ಕೆ ತೂತಾಗುವ ಅಪಾಯವಿದೆ.

ಎದೆನೋವು, ಮೂತ್ರದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಎರಡು ವಾರ ಮೀರಿದ ಕೆಮ್ಮು ಇವುಗಳಿಗೆ ಮೊದಲು ವೈದ್ಯರ ಪರೀಕ್ಷೆ ಆಗಬೇಕು. ಕ್ಷಯವನ್ನು 'ಲೋಹ ತತ್ವದ ಕೊರತೆ' ಎಂದು ತಿಳಿದು ಕುಳಿತರೆ ಮನೆಮಂದಿಗೆಲ್ಲ ಹರಡೀತು. ಇನ್ಸುಲಿನ್, ರಕ್ತದೊತ್ತಡದ ಮಾತ್ರೆಗಳನ್ನು ಯಾರ ಮಾತು ಕೇಳಿಯೂ ನೀವಾಗಿ ನಿಲ್ಲಿಸಬೇಡಿ. 'ಕಿಡ್ನಿ ದುರ್ಬಲ' ಎಂಬ ಮಾತು ಕೇಳಿ ಮನಸ್ಸಿಗೆ ನೆಮ್ಮದಿಯಿಲ್ಲವೆಂದಾದರೆ ಒಂದು ರಕ್ತಪರೀಕ್ಷೆ, ಒಂದು ಮೂತ್ರಪರೀಕ್ಷೆ ಮಾಡಿಸಿ. ಅದಕ್ಕೆ ಹೆಚ್ಚು ಖರ್ಚಾಗುವುದಿಲ್ಲ.