ಕಡಲಿನ ಸಂಕೇತಭಾಷೆ

ಶಬ್ದಕ್ಕೂ ಅರ್ಥಕ್ಕೂ ಇರುವ ಸಂಬಂಧ ಯಾದೃಚ್ಛಿಕವಾದುದು, ಬಳಸುವವರ ಒಡಂಬಡಿಕೆಯೇ ಅದಕ್ಕೆ ಆಧಾರ ಎಂಬುದು ಭಾಷಾವಿಜ್ಞಾನದ ಮೊದಲ ಪಾಠಗಳಲ್ಲೊಂದು. ಒಡಂಬಡಿಕೆ ತಪ್ಪಿದರೆ ಜೀವಹಾನಿಯೇ ಸಂಭವಿಸುವ ಸಂಕೇತವ್ಯವಸ್ಥೆಯೊಂದು ಕಡಲಿನಲ್ಲಿದೆ. ಪಣಂಬೂರಿನ ನವಮಂಗಳೂರು ಬಂದರನ್ನು ಪ್ರವೇಶಿಸುವ ಹಡಗು ಬೋಯ್ ಎಂದು ಕರೆಯಲಾಗುವ ತೇಲುಗುರುತುಗಳಲ್ಲಿ ಕೆಂಪನ್ನು ಎಡಕ್ಕೂ ಹಸಿರನ್ನು ಬಲಕ್ಕೂ ಬಿಟ್ಟು ಸಾಗಬೇಕು. ಕೆಂಪಿಗೆ ಎಡವೆಂಬ ಅರ್ಥ ಸಹಜಸಿದ್ಧವಾದುದೇನೂ ಅಲ್ಲ.

1889ರ ವಾಷಿಂಗ್ಟನ್ ಸಮ್ಮೇಳನ ಕೆಂಪನ್ನು ಬಲಕ್ಕೆ ಗೊತ್ತುಮಾಡಿತ್ತು. 1936ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಜಿನೀವಾದಲ್ಲಾದ ಒಪ್ಪಂದ ಅದನ್ನೇ ಎಡಕ್ಕೆ ತಂದಿತು. ಮಹಾಯುದ್ಧದ ಗದ್ದಲದಲ್ಲಿ ಅದು ಪೂರ್ಣವಾಗಿ ಜಾರಿಯಾಗಲಿಲ್ಲ. 1970ರ ದಶಕದ ವೇಳೆಗೆ ಜಗತ್ತಿನಲ್ಲಿ ಮೂವತ್ತಕ್ಕೂ ಹೆಚ್ಚು ಪದ್ಧತಿಗಳು ಬಳಕೆಯಲ್ಲಿದ್ದವು. 1971ರ ಜನವರಿಯಲ್ಲಿ ಡೋವರ್ ಜಲಸಂಧಿಯಲ್ಲಿ ಟೆಕ್ಸಾಕೊ ಕೆರಿಬಿಯನ್ ಎಂಬ ತೈಲನೌಕೆ ಮುಳುಗಿತು. ಮರುದಿನವೇ ಬ್ರಾಂಡೆನ್‌ಬರ್ಗ್ ಎಂಬ ಹಡಗು ಅದರ ಅವಶೇಷಕ್ಕೆ ಬಡಿದು ಮುಳುಗಿತು. ಅಲ್ಲಿ ಗುರುತುಗಳನ್ನು ನಿಲ್ಲಿಸಿದ ಬಳಿಕವೂ, ಫೆಬ್ರವರಿಯಲ್ಲಿ, ನಿಕಿ ಎಂಬ ಮೂರನೆಯದು ಅದೇ ಗತಿಯನ್ನು ಕಂಡಿತು. ಒಟ್ಟು ಐವತ್ತಕ್ಕೂ ಹೆಚ್ಚು ಜನ ಮಡಿದರು. ಗುರುತು ಇದ್ದಮಾತ್ರಕ್ಕೆ ಅದನ್ನು ಓದಲು ಬರುತ್ತದೆಂದೇನೂ ಅಲ್ಲ.

1957ರಲ್ಲಿ ಸ್ಥಾಪಿತವಾದ ದೀಪಸ್ತಂಭ ಪ್ರಾಧಿಕಾರಗಳ ಅಂತರರಾಷ್ಟ್ರೀಯ ಸಂಘದ ಯತ್ನದಿಂದ, 1980ರ ನವೆಂಬರ್‌ನಲ್ಲಿ ಟೋಕಿಯೊದಲ್ಲಿ ಐವತ್ತು ದೇಶಗಳು ಏಕಪದ್ಧತಿಗೆ ಸಮ್ಮತಿಸಿದವು. ಆದರೆ ಬಣ್ಣದ ವಿಷಯದಲ್ಲಿ ಯಾರೂ ಮಣಿಯಲಿಲ್ಲ. ಭಾರತ, ಯುರೋಪುಗಳು ಸೇರಿದ ‘ಎ’ ವಲಯದಲ್ಲಿ ಕೆಂಪು ಎಡಕ್ಕೆ. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪೈನ್ಸ್‌ಗಳ ‘ಬಿ’ ವಲಯದಲ್ಲಿ ಬಲಕ್ಕೆ. ಆಕಾರ ಮಾತ್ರ ಎರಡೂ ಕಡೆ ಒಂದೇ: ಎಡದ್ದು ಡಬ್ಬಿಯಂತೆ, ಬಲದ್ದು ಶಂಕುವಿನಂತೆ. ವ್ಯಾಕರಣ ಒಂದೇ ಆಗಿ ಉಪಭಾಷೆ ಎರಡಾದಂತೆ ಇದು. ದಿಕ್ಸೂಚಕ ಗುರುತುಗಳಲ್ಲಿ ಈ ಭೇದವೂ ಇಲ್ಲ. ರಾತ್ರಿ ಅವುಗಳ ಬಿಳಿ ಬೆಳಕು ಗಡಿಯಾರವನ್ನು ಅನುಸರಿಸುತ್ತದೆ: ಪೂರ್ವದ್ದು ಮೂರು ಬಾರಿ, ದಕ್ಷಿಣದ್ದು ಆರು ಬಾರಿ ಮಿಂಚಿ ಒಮ್ಮೆ ದೀರ್ಘವಾಗಿ, ಪಶ್ಚಿಮದ್ದು ಒಂಬತ್ತು ಬಾರಿ, ಉತ್ತರದ್ದು ಎಡೆಬಿಡದೆ ಮಿಂಚುತ್ತದೆ.

ದೀಪಸ್ತಂಭದ ರೀತಿ ಬೇರೆ. 1901ರ ಕಾಪು ದೀಪಸ್ತಂಭವಾಗಲಿ 1864ರ ಕಾರವಾರದ ದೇವಗಡ ದ್ವೀಪದ ದೀಪವಾಗಲಿ ತನ್ನ ಬೆಳಕಿನ ಲಯದಿಂದ ತಾನಿರುವ ತಾಣವನ್ನೇ ಹೇಳಬೇಕು. ನಮ್ಮ ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ದೀಪಸ್ತಂಭ ಅಂಕಿತನಾಮ, ತೇಲುಗುರುತು ರೂಢನಾಮ.

ಭಾರತ 1927ರ ದೀಪಸ್ತಂಭ ಅಧಿನಿಯಮದ ಬದಲಿಗೆ 2021ರಲ್ಲಿ ಹೊಸ ಅಧಿನಿಯಮವನ್ನು ತಂದಿತು. ಸಂಘವು 2024ರ ಆಗಸ್ಟ್‌ನಲ್ಲಿ ಸರ್ಕಾರಗಳ ನಡುವಣ ಸಂಸ್ಥೆಯಾಯಿತು. ಪಣಂಬೂರಿನಿಂದ ಯೊಕೊಹಾಮಾಕ್ಕೆ ತೆರಳುವ ನಾವಿಕ ಮಾತ್ರ ಇಂದಿಗೂ ಕೆಂಪು, ಹಸಿರುಗಳನ್ನು ಅದಲುಬದಲಾಗಿ ಓದಿಕೊಳ್ಳಬೇಕಾಗಿದೆ.