ಮುಷ್ಟಿಗಿಂತ ಮೊದಲು ಪಾದ: ವಾಸಿಲ್ ಲೊಮಚೆಂಕೊ

ಬಾಕ್ಸಿಂಗ್ ಎಂದರೆ ತೋಳ್ಬಲದ ಆಟ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಗುದ್ದು ಬಿದ್ದಾಗ ಕಣ್ಣಿಗೆ ಕಾಣುವುದು ಕೈ. ಎದುರಾಳಿ ಕುಸಿದಾಗ ಸುದ್ದಿಯಾಗುವುದೂ ಕೈಯೇ. ಆದರೆ ಆ ಗುದ್ದು ಹೊರಡುವ ಮೊದಲೇ ಒಂದು ವಿಷಯ ತೀರ್ಮಾನವಾಗಿರುತ್ತದೆ: ಇಬ್ಬರಲ್ಲಿ ಹೊಡೆಯಲು ಅನುಕೂಲವಾದ ಜಾಗದಲ್ಲಿ ನಿಂತವರು ಯಾರು, ಹೊಡೆತ ತಿನ್ನುವ ಜಾಗದಲ್ಲಿ ಸಿಕ್ಕಿಕೊಂಡವರು ಯಾರು ಎಂಬುದು. ಅದನ್ನು ತೀರ್ಮಾನಿಸುವುದು ಪಾದ. ಉಕ್ರೇನಿನ ವಾಸಿಲ್ ಲೊಮಚೆಂಕೊ ಅವರ ಆಟದ ಬದುಕು ಈ ಮಾತಿಗೆ ನಮ್ಮ ಕಾಲದ ಅತ್ಯಂತ ಗಟ್ಟಿಯಾದ ಸಾಕ್ಷಿ. ನಿಲ್ಲುವ ಜಾಗವೇ ಬಾಕ್ಸರನ ಮೊದಲ ಬಲ, ಆ ಬಲವನ್ನು ಕಲಿಸಿ ಬೆಳೆಸಬಹುದು ಎಂಬುದೇ ಈ ಅಧ್ಯಾಯದ ವಾದ. ಅವರ ಗೆಲುವುಗಳಷ್ಟೇ ಎಚ್ಚರದಿಂದ ಸೋಲುಗಳನ್ನೂ ನೋಡಿದರೆ ಈ ವಾದ ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದೂ ತಿಳಿಯುತ್ತದೆ.

ಲೊಮಚೆಂಕೊ ಹುಟ್ಟಿದ್ದು 1988ರ ಫೆಬ್ರವರಿ 17ರಂದು, ಒಡೆಸಾ ಪ್ರಾಂತ್ಯದ ಬಿಲ್ಹೊರೊದ್-ದ್ನಿಸ್ತ್ರೊವ್‌ಸ್ಕಿ ಎಂಬ ಊರಿನಲ್ಲಿ. ತಂದೆ ಅನಾತೊಲಿ ಬಾಕ್ಸಿಂಗ್ ತರಬೇತುದಾರರು. ಮಗನನ್ನು ಎಳೆಯ ವಯಸ್ಸಿನಲ್ಲೇ ಕಣಕ್ಕೆ ತಂದ ಅವರು, ನಡುವೆ ಕೆಲವು ವರ್ಷ ಬಾಕ್ಸಿಂಗ್ ಬಿಡಿಸಿ ಉಕ್ರೇನಿನ ಸಾಂಪ್ರದಾಯಿಕ ಜನಪದ ನೃತ್ಯ ಕಲಿಯಲು ಕಳಿಸಿದರು. ಹೊರಗಿನವರಿಗೆ ಇದು ಕಾಲಹರಣವಾಗಿ ಕಂಡೀತು. ಆದರೆ ಆ ನೃತ್ಯದಲ್ಲಿ ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಕ್ಷಣದಲ್ಲಿ ಬದಲಿಸಬೇಕು, ಕುಳಿತು ಜಿಗಿದು ಮತ್ತೆ ಸಮತೋಲಕ್ಕೆ ಬರಬೇಕು, ತಿರುಗುವಾಗಲೂ ತಲೆ ಸ್ಥಿರವಾಗಿರಬೇಕು. ಬಾಕ್ಸರನಿಗೆ ಬೇಕಾದದ್ದೂ ಇದೇ. ಮೈಭಾರ ತಪ್ಪಾದ ಕಾಲಿನ ಮೇಲಿದ್ದರೆ ಎಂಥ ಬಲಶಾಲಿಯ ಗುದ್ದೂ ಬರಿಯ ತೋಳಿನ ಬೀಸಾಗುತ್ತದೆ. ಮುಂದೆ ತಂದೆಯ ತರಬೇತಿಯಲ್ಲಿ ಹಣೆಪಟ್ಟಿಗೆ ದಾರದಿಂದ ಕಟ್ಟಿದ ಟೆನಿಸ್ ಚೆಂಡನ್ನು ಗುದ್ದುವುದು, ಚೆಂಡುಗಳನ್ನು ಎಸೆದು ಹಿಡಿಯುವುದು, ನೀರಿನೊಳಗೆ ಉಸಿರು ಬಿಗಿಹಿಡಿಯುವುದು ಇವೆಲ್ಲ ಸೇರಿದವು. ಕಣ್ಣು, ಉಸಿರು, ಪಾದ ಮೂರೂ ಒಂದೇ ತಾಳಕ್ಕೆ ಒಗ್ಗಬೇಕೆಂಬುದು ಆ ತರಬೇತಿಯ ತಿರುಳು.

ಇದು ಕಣದಲ್ಲಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು. ಲೊಮಚೆಂಕೊ ಅವರದು ಎಡಗೈ ನಿಲುವು. ಅಂದರೆ ಬಲಗಾಲು ಬಲಗೈ ಮುಂದೆ, ಜೋರಾದ ಎಡಗೈ ಹಿಂದೆ. ಎದುರಾಳಿಗಳಲ್ಲಿ ಹೆಚ್ಚಿನವರು ಎಡಗಾಲು ಮುಂದಿಡುವವರಾದ್ದರಿಂದ ಇಬ್ಬರ ಮುಂದಿನ ಪಾದಗಳೂ ಒಂದಕ್ಕೊಂದು ಎದುರಾಗುತ್ತವೆ. ಲೊಮಚೆಂಕೊ ತಮ್ಮ ಬಲಪಾದವನ್ನು ಎದುರಾಳಿಯ ಎಡಪಾದದ ಹೊರಮಗ್ಗುಲಿಗೆ ಇಟ್ಟು, ಅದೇ ಪಾದದ ಮೇಲೆ ತಿರುಗಿ, ಆತನ ಎಡ ಪಕ್ಕೆಯ ಕಡೆಗೆ ಸರಿಯುತ್ತಾರೆ. ಈಗ ಎದುರಾಳಿಯ ಬಲಗೈ ದೂರವಾಯಿತು. ಹೊಡೆಯಬೇಕೆಂದರೆ ಆತ ಮೊದಲು ಕಾಲು ಕಿತ್ತು ತಿರುಗಬೇಕು. ಅಷ್ಟರಲ್ಲಿ ಲೊಮಚೆಂಕೊ ಮೂರು ನಾಲ್ಕು ಗುದ್ದು ಹಾಕಿ ಇನ್ನೊಂದು ಜಾಗಕ್ಕೆ ಹೋಗಿರುತ್ತಾರೆ. ಆ ಗುದ್ದುಗಳು ಒಂದೊಂದಾಗಿ ನೋಡಿದರೆ ಭಾರಿಯೇನಲ್ಲ. ತಿರುಗಿ ಹೊಡೆಯಲಾಗದ ಜಾಗದಲ್ಲಿ ಬೀಳುತ್ತವೆ ಎಂಬುದೇ ಅವುಗಳ ಬಲ.

ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಇದರ ಫಲ ಬೆರಗು ಹುಟ್ಟಿಸುವಂಥದ್ದು. 396 ಗೆಲುವು, ಒಂದೇ ಸೋಲು ಎಂದು ಅವರ ದಾಖಲೆ ಹೇಳುತ್ತದೆ. ಆ ಸೋಲು 2007ರಲ್ಲಿ ಷಿಕಾಗೊದ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ರಷ್ಯಾದ ಅಲ್ಬರ್ಟ್ ಸೆಲಿಮೊವ್ ಎದುರು ಆದದ್ದು; ಮುಂದೆ ಅದೇ ಸೆಲಿಮೊವ್ ಅವರನ್ನು ಲೊಮಚೆಂಕೊ ಎರಡು ಸಲ ಸೋಲಿಸಿದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಫೆದರ್‌ವೇಟ್ ಚಿನ್ನ, ಜೊತೆಗೆ ಕೂಟದ ಶ್ರೇಷ್ಠ ಬಾಕ್ಸರನಿಗೆ ಸಲ್ಲುವ ವಾಲ್ ಬಾರ್ಕರ್ ಟ್ರೋಫಿ. 2012ರ ಲಂಡನ್‌ನಲ್ಲಿ ಲೈಟ್‌ವೇಟ್ ಚಿನ್ನ. ಇಲ್ಲೊಂದು ಆಕ್ಷೇಪ ಏಳುತ್ತದೆ. ಆಗಿನ ಹವ್ಯಾಸಿ ಪಂದ್ಯಗಳಲ್ಲಿ ತೀರ್ಪುಗಾರರು ಗುಂಡಿ ಒತ್ತಿ ಗುದ್ದುಗಳನ್ನು ಎಣಿಸುತ್ತಿದ್ದರು. ಗುದ್ದಿನ ಭಾರಕ್ಕೆ ಹೆಚ್ಚು ಅಂಕವಿರಲಿಲ್ಲ. ಮುಟ್ಟಿ ಓಡುವವರಿಗೆ ಅದು ಅನುಕೂಲ, ಹನ್ನೆರಡು ಸುತ್ತಿನ ವೃತ್ತಿಪರ ಕಣದಲ್ಲಿ ಈ ಚುರುಕು ನಡೆಯದು ಎಂದು ಹಲವರು ಹೇಳುತ್ತಿದ್ದರು. ಹುರುಳಿಲ್ಲದ ಮಾತಲ್ಲ ಅದು. ಒಲಿಂಪಿಕ್ ಚಿನ್ನ ಗೆದ್ದ ಎಷ್ಟೋ ಮಂದಿ ವೃತ್ತಿಪರ ಕಣದಲ್ಲಿ ಮಂಕಾಗಿದ್ದಾರೆ.

ಉತ್ತರ ಸಿಕ್ಕಿದ್ದು ಕಣದಲ್ಲೇ. 2013ರ ಅಕ್ಟೋಬರಿನಲ್ಲಿ ವೃತ್ತಿಪರರಾದ ಲೊಮಚೆಂಕೊ ಮೂರನೇ ಪಂದ್ಯಕ್ಕೇ, 2014ರ ಜೂನ್‌ನಲ್ಲಿ, ಗ್ಯಾರಿ ರಸೆಲ್ ಜೂನಿಯರ್ ಅವರನ್ನು ಸೋಲಿಸಿ ವಿಶ್ವ ಪ್ರಶಸ್ತಿ ಪಡೆದರು. ಏಳನೇ ಪಂದ್ಯಕ್ಕೆ ಎರಡನೇ ತೂಕದ ವರ್ಗದಲ್ಲೂ, ಹನ್ನೆರಡನೇ ಪಂದ್ಯಕ್ಕೆ ಮೂರನೇ ವರ್ಗದಲ್ಲೂ ವಿಶ್ವ ಚಾಂಪಿಯನ್ ಆದರು. ಇಷ್ಟು ಬೇಗ ಅವಕಾಶ ಸಿಕ್ಕಿದ್ದರ ಹಿಂದೆ ಹವ್ಯಾಸಿ ಕೀರ್ತಿ ಮತ್ತು ಪಂದ್ಯ ಏರ್ಪಡಿಸುವ ದೊಡ್ಡ ಆಯೋಜಕರ ಬಲವಿತ್ತು ಎಂಬುದು ನಿಜ. ಅವಕಾಶ ಕೊಡಿಸಬಹುದು, ಗೆಲುವು ಕೊಡಿಸಲಾಗದು. ಪ್ರಶಸ್ತಿಗಳ ಎಣಿಕೆಗಿಂತ ಹೆಚ್ಚು ಹೇಳುವುದು 2016ರ ನವೆಂಬರ್‌ನಿಂದ 2017ರ ಡಿಸೆಂಬರ್‌ವರೆಗಿನ ನಾಲ್ಕು ಪಂದ್ಯಗಳು. ನಿಕೊಲಸ್ ವಾಲ್ಟರ್ಸ್, ಜೇಸನ್ ಸೋಸಾ, ಮಿಗೆಲ್ ಮರಿಯಾಗ, ಗಿಯೆರ್ಮೊ ರಿಗೊಂಡೊ ನಾಲ್ವರೂ ಸುತ್ತುಗಳ ನಡುವೆಯೇ ಆಟ ಮುಗಿಸಿದರು; ತಾವೇ ಸಾಕೆಂದರು, ಇಲ್ಲವೇ ಅವರ ಕಡೆಯವರು ಸಾಕೆಂದರು. ರಿಗೊಂಡೊ ಕೂಡ ಎರಡು ಒಲಿಂಪಿಕ್ ಚಿನ್ನ ಗೆದ್ದವರು. ಅವರು ಎರಡು ತೂಕದ ವರ್ಗ ಮೇಲೇರಿ ಬಂದಿದ್ದರು, ಕೈಗೆ ಪೆಟ್ಟಾಗಿದೆ ಎಂದರು. ಆ ಒಂದು ಗೆಲುವಿನ ಬೆಲೆಯನ್ನು ಅಷ್ಟರ ಮಟ್ಟಿಗೆ ಕಡಿಮೆ ಮಾಡೋಣ. ಆದರೂ ಪಳಗಿದ ಬಾಕ್ಸರುಗಳು ಸಾಲಾಗಿ ಹೀಗೆ ಕೈಚೆಲ್ಲಿದ್ದಕ್ಕೆ ಬರಿಯ ಗುದ್ದಿನ ಭಾರ ಕಾರಣವಾಗಲಾರದು. ಎಲ್ಲಿ ಹುಡುಕಿದರೂ ಸಿಗದ ಎದುರಾಳಿಯ ಮುಂದೆ ಮೈಗಿಂತ ಮೊದಲು ಮನಸ್ಸು ಸೋಲುತ್ತದೆ.

ಹಾಗಾದರೆ ವೃತ್ತಿಪರ ಕಣದಲ್ಲಿ ಲೊಮಚೆಂಕೊ ಮೂರು ಸಲ ಸೋತದ್ದೇಕೆ? ಇದೇ ಎಲ್ಲಕ್ಕಿಂತ ತೂಕದ ಆಕ್ಷೇಪ. 2014ರ ಮಾರ್ಚ್‌ನಲ್ಲಿ, ಎರಡನೇ ವೃತ್ತಿಪರ ಪಂದ್ಯದಲ್ಲೇ, ಒರ್ಲಾಂಡೊ ಸಲಿಡೊ ಎದುರು ಒಡೆದ ತೀರ್ಪಿನಲ್ಲಿ ಸೋಲಾಯಿತು. ಸಲಿಡೊ ತೂಕದ ಮಿತಿ ಮೀರಿ ಪ್ರಶಸ್ತಿಯನ್ನು ಮೊದಲೇ ಕಳೆದುಕೊಂಡಿದ್ದರು. ಮೈಗೆ ಮೈ ತಾಗಿಸಿ, ಹೊಟ್ಟೆಗೂ ಸೊಂಟದ ಕೆಳಗೂ ಗುದ್ದುತ್ತ, ಲೊಮಚೆಂಕೊಗೆ ತಿರುಗಲು ಜಾಗವನ್ನೇ ಬಿಡಲಿಲ್ಲ. 2020ರ ಅಕ್ಟೋಬರಿನಲ್ಲಿ ಒಂಬತ್ತು ವರ್ಷ ಕಿರಿಯರಾದ, ಮೈಕಟ್ಟಿನಲ್ಲಿ ದೊಡ್ಡವರಾದ ತೆಯೊಫಿಮೊ ಲೋಪೆಸ್ ಎದುರು ಮೊದಲರ್ಧ ಪೂರ್ತಿ ದೂರ ನಿಂತು ಕಳೆದರು; ಕೊನೆಯ ಸುತ್ತುಗಳಲ್ಲಿ ಚೇತರಿಸಿಕೊಂಡರೂ ಅಂಕ ಕೈಮೀರಿತ್ತು. 2023ರ ಮೇನಲ್ಲಿ ಡೆವಿನ್ ಹೇನಿ ಎದುರಿನ ತೀರ್ಪು ಇಂದಿಗೂ ಚರ್ಚೆಯ ವಿಷಯ. ಈ ಸೋಲುಗಳಿಗೆ ಗಾಯ, ವಯಸ್ಸು, ತೀರ್ಪು ಎಂದು ನೆಪ ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಅವುಗಳಲ್ಲಿ ಒಂದು ಪಾಠವಿದೆ: ಜಾಗ ಹಿಡಿಯಲು ಮೊದಲು ಹತ್ತಿರ ಹೋಗಬೇಕು, ಹತ್ತಿರ ಹೋಗುವುದರಲ್ಲಿ ಅಪಾಯವಿದೆ. ಎದುರಾಳಿಯ ಗಾತ್ರ ಹೆಚ್ಚಿದಷ್ಟೂ ಆ ಅಪಾಯದ ಬೆಲೆ ಏರುತ್ತದೆ. ಲೋಪೆಸ್ ಎದುರು ಲೊಮಚೆಂಕೊ ಸೋತದ್ದು ಪಾದಗಳಿಗೆ ಕೆಲಸ ಕೊಟ್ಟ ಸುತ್ತುಗಳಲ್ಲಲ್ಲ, ಕೊಡದೆ ಬಿಟ್ಟ ಸುತ್ತುಗಳಲ್ಲಿ. 2018ರ ಮೇನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹೊರ್ಹೆ ಲಿನಾರೆಸ್ ಅವರನ್ನು ಎದುರಿಸಿದಾಗ ಆದದ್ದು ಇದಕ್ಕೆ ತದ್ವಿರುದ್ಧ. ಆರನೇ ಸುತ್ತಿನಲ್ಲಿ ನೆಲಕ್ಕೆ ಬಿದ್ದರೂ ಅವರು ಎದ್ದು ಮತ್ತೆ ಹತ್ತಿರ ಹೋದರು, ಹತ್ತನೇ ಸುತ್ತಿನಲ್ಲಿ ಯಕೃತ್ತಿನ ಮೇಲೆ ಬಿದ್ದ ಒಂದು ಎಡಗೈ ಗುದ್ದಿನಿಂದ ಪಂದ್ಯ ಮುಗಿಸಿದರು.

ಇದೆಲ್ಲ ಒಬ್ಬ ಅಪರೂಪದ ಪ್ರತಿಭಾವಂತನ ಕಥೆ, ಇದರಿಂದ ಸಾಮಾನ್ಯ ನಿಯಮ ಹೊರಡದು ಎಂಬ ಕೊನೆಯ ಆಕ್ಷೇಪ ಉಳಿಯುತ್ತದೆ. ಇದಕ್ಕೆ ಉತ್ತರ ಒಲೆಕ್ಸಾಂದರ್ ಉಸಿಕ್. ಅವರೂ ಅನಾತೊಲಿ ಲೊಮಚೆಂಕೊ ಅವರ ತರಬೇತಿಯಲ್ಲಿ ಪಳಗಿದವರು, 2012ರ ಲಂಡನ್‌ನಲ್ಲಿ ಚಿನ್ನ ಗೆದ್ದವರು. ಎಡಗೈ ನಿಲುವು, ನಿಲ್ಲದ ಪಾದ, ಪಕ್ಕಕ್ಕೆ ಸರಿದು ಹೊಡೆಯುವ ರೀತಿ ಅವರಲ್ಲೂ ಇದೆ. ಕ್ರೂಸರ್‌ವೇಟ್‌ನ ನಾಲ್ಕೂ ಪ್ರಶಸ್ತಿಗಳನ್ನು 2018ರಲ್ಲಿ ಒಗ್ಗೂಡಿಸಿದ ಅವರು ಹೆವಿವೇಟ್‌ಗೆ ಏರಿ, 2024ರ ಮೇನಲ್ಲಿ ರಿಯಾದ್‌ನಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ ಅಲ್ಲೂ ಏಕೈಕ ಚಾಂಪಿಯನ್ ಆದರು. ಉಸಿಕ್ ಎತ್ತರ 191 ಸೆಂ.ಮೀ.; ಫ್ಯೂರಿಯದು 206. ತೂಕದ ಅಂತರ 15 ಕಿಲೋಗೂ ಮೇಲೆ. ಲೊಮಚೆಂಕೊಗೆ ಅಡ್ಡಿಯಾದ ಗಾತ್ರದ ಗೋಡೆಯನ್ನು ಅದೇ ತರಬೇತಿಯಲ್ಲಿ ಬೆಳೆದ ಇನ್ನೊಬ್ಬರು ದಾಟಿದರು. ಆದ್ದರಿಂದ ಇದನ್ನು ಒಬ್ಬನ ಹುಟ್ಟುಗುಣ ಎನ್ನುವುದಕ್ಕಿಂತ ಒಂದು ಕಲಿಕೆಯ ಪರಂಪರೆ ಎನ್ನುವುದೇ ಸಾಕ್ಷ್ಯಕ್ಕೆ ಹತ್ತಿರ.

2022ರಲ್ಲಿ ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದ ದಾಳಿ ಮಾಡಿದಾಗ ಲೊಮಚೆಂಕೊ ತಾಯ್ನಾಡಿಗೆ ಮರಳಿ ತಮ್ಮ ಊರಿನ ಪ್ರಾದೇಶಿಕ ರಕ್ಷಣಾ ಪಡೆ ಸೇರಿದರು. ಜಾರ್ಜ್ ಕಂಬೊಸೊಸ್ ಎದುರಿನ ವಿಶ್ವ ಪ್ರಶಸ್ತಿ ಪಂದ್ಯದ ಅವಕಾಶವನ್ನು ಬಿಟ್ಟುಕೊಟ್ಟರು. ಅದೇ ಕಂಬೊಸೊಸ್ ಅವರನ್ನು 2024ರ ಮೇನಲ್ಲಿ, ತಮ್ಮ 36ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹನ್ನೊಂದನೇ ಸುತ್ತಿನಲ್ಲಿ ಸೋಲಿಸಿ ಮತ್ತೆ ಚಾಂಪಿಯನ್ ಆದರು. 2025ರ ಜೂನ್‌ನಲ್ಲಿ ನಿವೃತ್ತಿ ಘೋಷಿಸಿದಾಗ ಅವರ ವೃತ್ತಿಪರ ಲೆಕ್ಕ 18 ಗೆಲುವು, 3 ಸೋಲು. ವೇಗ ವಯಸ್ಸಿನೊಂದಿಗೆ ಕುಂದುತ್ತದೆ. ಜಾಗದ ಅರಿವು ಅಷ್ಟು ಬೇಗ ಕುಂದುವುದಿಲ್ಲ ಎಂಬುದಕ್ಕೆ ಪರ್ತ್‌ನ ಗೆಲುವು ಆಧಾರ. ಈ ಬದುಕಿನಿಂದ ಬಾಕ್ಸಿಂಗ್ ಕಲಿಸುವವರು ಮತ್ತು ಕಲಿಯುವವರು ತೆಗೆದುಕೊಳ್ಳಬೇಕಾದದ್ದು ಸ್ಪಷ್ಟವಾಗಿದೆ. ತೋಳಿನ ಬಲ ಹೆಚ್ಚಾಗಿ ಹುಟ್ಟಿನಿಂದ ಬರುತ್ತದೆ, ಅದು ಎಲ್ಲ ಮಕ್ಕಳಿಗೂ ಸಮನಾಗಿ ದಕ್ಕುವುದಿಲ್ಲ. ಪಾದದ ಶಿಸ್ತು ಅಭ್ಯಾಸದಿಂದ ಬರುತ್ತದೆ. ಎಳೆಯರ ಕೈಗೆ ಗ್ಲೌಸ್ ತೊಡಿಸುವ ಮೊದಲು ಅವರ ಪಾದಗಳಿಗೆ ಸಾಕಷ್ಟು ಕಾಲ ಕೊಟ್ಟರೆ ಅವರು ಕಡಿಮೆ ಪೆಟ್ಟು ತಿನ್ನುತ್ತಾರೆ, ಹೆಚ್ಚು ಕಾಲ ಆಡುತ್ತಾರೆ. ತಲೆಗೆ ಬೀಳುವ ಪೆಟ್ಟು ಬದುಕಿಡೀ ಕಾಡಬಲ್ಲ ಈ ಆಟದಲ್ಲಿ ಅದಕ್ಕಿಂತ ದೊಡ್ಡ ಗೆಲುವು ಬೇರೆಯಿಲ್ಲ.